ಹುಲಿಗೆಪ್ಪನ ಒಲೆ

ಕೆಂಚನಹಾಳದ ಟೌನ್ ಹಾಲಿಗೆ ಬಂದವರ ಕಣ್ಣು ಮೊದಲು ಹೋಗುವುದು ಮಾಡಿನ ಮೇಲಿನ ಎರಡು ಹೊಗೆಗೂಡುಗಳತ್ತ. ಒಳಗೆ ಚಳಿ ಕಾಯಿಸಲು ಆಳೆತ್ತರದ ಎರಡು ಕಲ್ಲೊಲೆಗಳಿವೆ. ಶಿವರಾತ್ರಿ ಕಳೆದರೆ ಬರಿಗಾಲಲ್ಲಿ ಅಂಗಳ ದಾಟಲಾಗದ ಊರಿನಲ್ಲಿ ಚಳಿಯಂತೆ, ಒಲೆಯಂತೆ. ಜನ ಇದನ್ನು 'ಹುಲಿಗೆಪ್ಪನ ಒಲೆ' ಎಂದು ಕರೆದು ನಗುತ್ತಾರೆ. ಅದು ಅನ್ಯಾಯದ ಹೆಸರೆಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ, ಆದರೂ ಹೇಳುತ್ತೇನೆ.

ಹಿಂದೆ ಒಮ್ಮೆ, ಇಂಗ್ಲಿಷರ ಕಾಲದಲ್ಲಿ, ಇಲ್ಲಿದ್ದ ದೊರೆಗೆ ತನ್ನ ಹುಟ್ಟೂರಿನ ಪುರಭವನದಂಥದೇ ಇಲ್ಲಿಯೂ ಬೇಕೆನಿಸಿ, ಸಮುದ್ರದಾಚೆಯಿಂದ ನಕ್ಷೆ ತರಿಸಿದನಂತೆ. ಚೂಪು ಕಮಾನು, ಗಡಿಯಾರದ ಗೋಪುರ, ಇಳಿಜಾರು ಮಾಡು, ಒಲೆ, ಎಲ್ಲವೂ ಅಲ್ಲಿಯದರ ಪಡಿಯಚ್ಚು. ಕಲ್ಲುಕೆಲಸದ ಮೇಸ್ತ್ರಿ ಹುಲಿಗೆಪ್ಪ ನಕ್ಷೆ ಕಂಡ ದಿನವೇ, "ದೊರಿಗಳೆ, ಈ ಬಿಸಿಲಾಗ ಒಲಿ ಯಾಕ್ರಿ? ಆ ಜಾಗದಾಗ ಎರಡು ಕಿಟಕಿ ಇಡೋಣು, ಗಾಳಿ ಆಡ್ತದ" ಎಂದನಂತೆ. ದೊರೆ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದ, ಅಷ್ಟೆ. ಮೂರು ಸಲ ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಕೆಲಸ ಬಿಟ್ಟರೆ ಅವನನ್ನು ನಂಬಿ ಬಂದ ನಲವತ್ತು ಮನೆಗಳ ಗಂಜಿ ನಿಲ್ಲುತ್ತಿತ್ತು. ಕಟ್ಟಿದರೆ ಹೆಸರು ಕೆಡುತ್ತಿತ್ತು. ನಮ್ಮ ಜನ ಬೈಯುವುದು ಕಟ್ಟಿದವನನ್ನೇ ಹೊರತು ನಕ್ಷೆ ಬರೆದವನನ್ನಲ್ಲ. ಹೆಂಡತಿ ಮಾರೆಮ್ಮ, "ಹೊಗಿ ಒಳಗ ತಿರುಗೋ ಹಂಗ ಕಟ್ಟಿಬಿಡ್ರಿ, ದೊರಿಗಳು ತಾವ ಒಲಿ ಮುಚ್ಚಸ್ತಾರ" ಎಂದು ಉಪಾಯ ಹೇಳಿದಳು. ಹುಲಿಗೆಪ್ಪ ವಾರವೆಲ್ಲ ಹಾಗೆ ಕಟ್ಟಲು ನೋಡಿದ. ಕಟ್ಟಿದ್ದನ್ನು ತಾನೇ ಕೆಡವಿದ. "ಕೆಟ್ಟ ಕೆಲಸ ಈ ಕೈಗೆ ಬರಂಗಿಲ್ಲ, ಏನ್ ಮಾಡ್ಲಿ" ಎಂದು ಅವಳೆದುರು ಅತ್ತನೆನ್ನುತ್ತಾರೆ.

ಚೈತ್ರದಲ್ಲಿ ಉದ್ಘಾಟನೆಯಾಯಿತು. ದೊರೆ ಎರಡೂ ಒಲೆ ಹಚ್ಚಿಸಿದ. ಹೊಗೆ ಒಂದೆಳೆಯೂ ಒಳಗೆ ನಿಲ್ಲದೆ ನೆಟ್ಟಗೆ ಮೇಲೇರಿತು, ಬೆಂಕಿ ನಿಗಿನಿಗಿ ಉರಿಯಿತು, ಪೇಟ ಕಟ್ಟಿಕೊಂಡು ಬಂದಿದ್ದ ಗೌಡರೆಲ್ಲ ಬೆವರಿ ಹೊರಗೋಡಿದರು. "ಯಾವ ಪುಣ್ಯಾತ್ಮ ಕಟ್ಯಾನ ಈ ಒಲಿ?" ಎಂದು ಸಂತೆಯಲ್ಲಿ ಕೇಳಿದವರಿಗೆಲ್ಲ ಸಿಕ್ಕ ಉತ್ತರ ಒಂದೇ. ಅಂದಿನಿಂದ ಆ ಹೆಸರು ಅಂಟಿಕೊಂಡಿತು.

ಕಟ್ಟಡ ಮುಗಿದ ಮೇಲೆ ಬಾಗಿಲ ಪಕ್ಕದ ಕಲ್ಲಿನಲ್ಲಿ ಮೇಸ್ತ್ರಿ ತನ್ನ ಹೆಸರು ಕೆತ್ತುವುದು ಆಗಿನ ರೂಢಿ. ಹುಲಿಗೆಪ್ಪ ಕೆತ್ತಲಿಲ್ಲ. ಕಲ್ಲನ್ನು ನುಣ್ಣಗೆ ತಿಕ್ಕಿ, ಬರಿದಾಗಿ ಬಿಟ್ಟು ಊರು ತೊರೆದ. ಬಂದವರು ಆ ಕಲ್ಲನ್ನು ಈಗಲೂ ನೋಡಬಹುದು. ಹೋದ ವರ್ಷ ಪುರಸಭೆಯವರು, ಖಾಲಿ ಜಾಗ ಸಿಕ್ಕಿತೆಂದು, ಅದರ ಮೇಲೆ ಕೆಂಪು ಬಣ್ಣದಲ್ಲಿ 'ಹುಲಿಗೆಪ್ಪನ ಒಲೆ' ಎಂದು ದಪ್ಪಗೆ ಬರೆಸಿದ್ದಾರೆ. ಅಳಿಸಿರೆಂದು ಅರ್ಜಿ ಹಿಡಿದು ಹೋದೆ. ಗುಮಾಸ್ತ ನನಗೆ ಕುರ್ಚಿ ಕೊಟ್ಟು, "ಮಾಸ್ತರ, ನಾವರೆ ಅವನ ಹೆಸರು ಉಳಿಸೀವಲ್ರಿ" ಎಂದ.