ದಂಟು ಮುರಿಯದ ಮಾಳವ್ವ

ಒಂದಾನೊಂದು ಕಾಲದಲ್ಲಿ, ನನ್ನಜ್ಜಿಯ ಅಜ್ಜಿ ಇನ್ನೂ ಲಂಗ ತೊಟ್ಟು ಓಡಾಡ್ತಿದ್ದಾಗ, ಮಾಳವ್ವ ಅಂತ ಒಬ್ಬಳು ಕುರಿ ಕಾಯೋ ಹುಡುಗಿ ಇದ್ದಳಂತೆ. ಕಾಲು ಒದೀಬೇಡ, ಕಂಬಳಿ ಹೊದ್ಕೊ, ಹೇಳ್ತೀನಿ. ಅವರ ಸೀಮೇಲಿ ಬೇಸಿಗೆಗೆ ನೀರು ಇರ್ತಿದ್ದದ್ದು ಒಂದೇ ಮಡುವಲ್ಲಂತೆ. ಅದರ ಮುಂದೆ ಕೆಂಚ ಅನ್ನೋ ಗೂಳಿಯಂಥೋನು ದೊಣ್ಣೆ ಹಿಡ್ಕೊಂಡು ಕೂತು, ನನ್ನ ಗೆದ್ದೋರಿಗಷ್ಟೇ ನೀರು ಅಂತಿದ್ದನಂತೆ. ಮಾಳವ್ವನ ಅಪ್ಪ ಹಾಲಪ್ಪ ಹೋಗಿ ಮೊಣಕಾಲು ಮುರಿಸ್ಕೊಂಡು ಬಂದ. ಕುರಿಗಳು ಕೆಸರು ನೆಕ್ಕಿ ನೆಕ್ಕಿ ಒಂದೊಂದೇ ಸಾಯೋಕೆ ಶುರುವಾದವಂತೆ.

ಆಮೇಲೆ ಮಾಳವ್ವ ದೊಣ್ಣೆವರಸೆ ಕಲೀತೀನಿ ಅಂತ ಗರಡಿಗೆ ಹೋದಳಂತೆ. ಅಲ್ಲಿ ಕಲಿಸೋ ವಸ್ತಾದಿ ಸಿಂಗ್ರಯ್ಯ, ಹಲ್ಲೆಲ್ಲ ಉದುರಿದ್ರೂ ಗತ್ತು ಉದುರಿರಲಿಲ್ಲ. ಅವನ ಗರಡೀಲಿ ಮೂರು ಮೆಟ್ಟಿಲು. ಹೊಸಬರಿಗೆ ಜೋಳದ ದಂಟು, ಗೆದ್ರೆ ಬಿದಿರು ಕೋಲು, ಕೊನೇಗೆ ಬೈನೆ ಮರದ ಗಟ್ಟಿ ದೊಣ್ಣೆ. ಬೈನೆ ಸಿಗದೋರು ಹೊರಗಡೆ ಯಾರ ಮುಂದೂ ಕೋಲು ಎತ್ತಕೂಡದು, ಎತ್ತಿದ್ರೆ ಗರಡಿ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ.

ಮೊದಲನೇ ವರ್ಷ, ದಂಟು ಮುರೀದೆ ನೂರು ಏಟು ತಡೀಬೇಕು ಅಂದನಂತೆ ವಸ್ತಾದಿ. ಹುಡುಗರು ಜೋರು ತೋರಿಸೋಕೆ ಹೋಗಿ ಎಲ್ಲರ ದಂಟೂ ಪಟಪಟ ಮುರೀತು. ಮಾಳವ್ವನಿಗೆ ಕುರಿ ತಿರುಗಿಸೋ ಚಾಳಿ ನೋಡು, ದಂಟು ಅಡ್ಡ ಇಟ್ಟು ಏಟನ್ನ ಹಾಗೇ ಪಕ್ಕಕ್ಕೆ ಸರಿಸಿಬಿಡ್ತಿದ್ದಳಂತೆ. ಇವಳು ವರಸೆ ಆಡ್ತಿಲ್ಲ, ಕುರಿ ಅಟ್ತಿದಾಳೆ ಅಂತ ಎಲ್ಲರೂ ನಕ್ಕರು. ನಗೋರು ನಗಲಿ, ದಂಟು ಮುರೀಲಿಲ್ಲ.

ಎರಡನೇ ವರ್ಷ ಕೈಗೆ ಬಿದಿರು ಕೋಲು ಬಂತು, ಇಬ್ಬರು ಒಟ್ಟಿಗೆ ಮೈಮೇಲೆ ಬಿದ್ದರಂತೆ. ಇವಳು ಅವನ ಏಟು ಇವನ ಕಡೆ, ಇವನದು ಅವನ ಕಡೆ ಸರಿಸಿದಳು, ಅವರವರೇ ಬಡಿದಾಡ್ಕೊಂಡು ಕೂತರು.

ಮೂರನೇ ವರ್ಷ ವಸ್ತಾದೀನೇ ಎದುರು ನಿಂತ. ನನ್ನ ಹೆಗಲಿಗೆ ಒಂದೇ ಒಂದು ಏಟು ಹಾಕು, ಬೈನೆ ನಿಂದು ಅಂದ. ಕೋಲು ಹೆಗಲ ಹತ್ರ ಹೋಯ್ತು, ಆ ಮುದುಕನ ಎಲುಬು ಕಂಡು ಅಲ್ಲೇ ನಿಂತುಹೋಯ್ತಂತೆ. ಹೊಡೆಯದೋಳಿಗೆ ಬೈನೆ ಇಲ್ಲ, ಮುಂದಿನ ವರ್ಷ ಬಾ ಅಂದುಬಿಟ್ಟ. ಪಾಪ, ದಾರಿಯುದ್ದಕ್ಕೂ ಅತ್ಕೊಂಡು ಮನೆಗೆ ಬಂದಳು.

ಮನೇಲಿ ನೋಡಿದ್ರೆ ಉಳಿದಿದ್ದೇ ಒಂಬತ್ತು ಕುರಿ. ಮುಂದಿನ ವರ್ಷದ ತನಕ ಅವು ಬದುಕ್ತಾವಾ? ಗರಡಿ ಹೋದ್ರೆ ಹೋಗ್ಲಿ ಅಂತ ಬಿದಿರು ಕೋಲೇ ಹಿಡ್ಕೊಂಡು ಕುರಿಗಳನ್ನ ಮಡುವಿಗೆ ಹೊಡ್ಕೊಂಡು ಹೋದಳಂತೆ.

ಕೆಂಚ ಬೀಸ್ತಾ ಬೀಸ್ತಾ, ಇವಳು ಸರಿಸ್ತಾ ಸರಿಸ್ತಾ, ಹೊತ್ತು ನೆತ್ತಿಗೇರ್ತು. ಕೊನೇಗೆ ಅವನ ದೊಣ್ಣೆ ನೀರಿಗೆ, ಅವನು ನೆಲಕ್ಕೆ. ಹೊಡಿ ಮಾಳೀ ಅಂತ ನೋಡೋಕೆ ಸೇರಿದ್ದ ಜನ ಕೂಗಿದರು. ಅಪ್ಪನ ಕಾಲು ನೆನಪಾಗಿ ಅವಳು ಕೋಲು ಎತ್ತೇಬಿಟ್ಟಳಂತೆ, ಸಿಟ್ಟು ಇರಲ್ವಾ ಮತ್ತೆ. ಆದ್ರೂ ಕೋಲು ಇಳಿಸಿ, ಕುರಿ ಕುಡಿಯೋ ತನಕ ಆ ಕಲ್ಲಿನ ಮೇಲೆ ಕೂತಿರಣ್ಣ ಅಂದಳು. ಅವನು ಬಾಲ ಮುದುರ್ಕೊಂಡು ಕೂತ.

ಅಷ್ಟರಲ್ಲಿ, ಜನರ ಮಧ್ಯೆ ನಿಂತು ಎಲ್ಲ ನೋಡಿದ್ದ ವಸ್ತಾದಿ ಮುಂದೆ ಬಂದ. ಅಯ್ಯ, ನಿಮ್ಮ ಕಟ್ಟಳೆ ಮುರಿದೆ ಅಂದಳು ಮಾಳವ್ವ. ಅವನು, ನಿಂಗೆ ಹೊಡೆಯೋಕೆ ಬರುತ್ತಾ ಅಂತ ನೋಡಿದೆ ಕಣವ್ವ, ಕೈ ತಡೆಯೋಕೆ ಬರುತ್ತಾ ಅಂತ ನೋಡಲಿಲ್ಲ, ತಪ್ಪು ನಂದು ಅಂದು, ತನ್ನ ಬೈನೆ ದೊಣ್ಣೇನೇ ಕೊಟ್ಟನಂತೆ.

ಅದನ್ನ ಕಣ್ಣಿಗೊತ್ಕೊಂಡು ಮಾಳವ್ವ ಕೇಳಿದಳಂತೆ, ಅಯ್ಯ, ಇದನ್ನ ನಮ್ಮಪ್ಪನಿಗೆ ಊರ್ಕೊಂಡು ನಡೆಯೋಕೆ ಕೊಡ್ಲಾ?

ಆ ದೊಣ್ಣೆ ಊರ್ಕೊಂಡೇ ಹಾಲಪ್ಪ ಮಡುವಿಗೆ ನಡೆದು ಬಂದು, ಕುರಿಗಳ ಪಕ್ಕ ಬಗ್ಗಿ, ಹೊಟ್ಟೆ ತುಂಬ ನೀರು ಕುಡಿದನಂತೆ. ಕತೆ ಇಷ್ಟೇ ಕಂದ, ಮುಗೀತು.