ಹುರಳಿಗೆರೆಯ ಅಮಾಸೆ ದಿಣ್ಣೆ

ಹುರಳಿಗೆರೆಯಲ್ಲಿ ಬಸ್ಸಿಳಿದು ಪಡುವಣಕ್ಕೆ ತಿರುಗಿದರೆ ಬಯಲಿನ ನಡುವೆ ಒಂಟಿಯಾಗಿ ಎದ್ದುನಿಂತ ದಿಣ್ಣೆಯೊಂದು ಕಾಣುತ್ತದೆ. ಅದರ ಹಿಂಬದಿ ಎತ್ತಿನಗಾಡಿ ಹತ್ತುವಷ್ಟು ಸಲೀಸು. ಊರಿಗೆ ಮುಖ ಮಾಡಿದ ಬದಿ ಮಾತ್ರ ಗೋಡೆಯಂತೆ ಕಡಿದಾಗಿದ್ದು, ತುಂಬ ಸಡಿಲ ಕಲ್ಲು. ಇದೇ ಅಮಾಸೆ ದಿಣ್ಣೆ. ಅಮಾವಾಸ್ಯೆಯಂದು ಇಲ್ಲೇನೋ ಪೂಜೆ ನಡೆಯುತ್ತದೆಂದು ತೆಂಗಿನಕಾಯಿ ಹಿಡಿದು ಬರುವ ಪರಸ್ಥಳದವರೂ ಉಂಟು. ಊರ ಹಿರಿಯರು ಅವರನ್ನು ಕೂರಿಸಿಕೊಂಡು, ಇದು ತಿಥಿಯ ಹೆಸರಲ್ಲ, ಮನುಷ್ಯನ ಹೆಸರು ಎನ್ನುತ್ತಾರೆ. ಅದೂ ಕಡಲಾಚೆಯಿಂದ ಬಂದ ಒಬ್ಬ ಕಪ್ಪು ಸವಾರನ ಹೆಸರು.

ಹಿಂದೆ ಒಮ್ಮೆ, ಈ ಸೀಮೆಗೆ ಮೋಟಾರು ಇನ್ನೂ ಕಾಲಿಡದಿದ್ದ ಕಾಲದಲ್ಲಿ, ಅಮೆರಿಕದ ಕೆಂಟಕಿ ಎಂಬಲ್ಲಿ ಆಮೋಸ್ ಟಾಲ್ಬರ್ಟ್ ಎಂಬ ಜಾಕಿ, ಅಂದರೆ ಕುದುರೆ ಪಂದ್ಯದ ಸವಾರ, ಇದ್ದನಂತೆ. ಅವನ ಹೆತ್ತವರು ಬಿಳಿಯರ ಹೊಲಗಳಲ್ಲಿ ಗುಲಾಮರಾಗಿ ದುಡಿದು ಬಿಡುಗಡೆ ಕಂಡವರು. ಮಗನಿಗೆ ಕುದುರೆಯೇ ಲೋಕ. ಪಂದ್ಯದಲ್ಲಿ ಅವನು ಮುಂದೆ ನುಗ್ಗಿದರೆ ಜನ ಟೋಪಿ ತೂರಿ ಕುಣಿಯುತ್ತಿದ್ದರು. ಕಪ್ಪು ಮನುಷ್ಯನೊಬ್ಬ ಹೀಗೆ ಗೆಲ್ಲುತ್ತಲೇ ಹೋಗುವುದು ಬಿಳಿಯ ಸವಾರರ ಕಣ್ಣು ಚುಚ್ಚಿತು. ಒಂದು ಪಂದ್ಯದಲ್ಲಿ ಅವರೆಲ್ಲ ಒಂದಾಗಿ ಅವನನ್ನು ಬೇಲಿಯ ಪಕ್ಕಕ್ಕೆ ಒತ್ತರಿಸಿ, ಅವನ ಕುದುರೆಯ ಮುಖಕ್ಕೆ ಚಾಟಿ ಬೀಸಿದರು. ಕುದುರೆ ಕತ್ತು ಮುರಿದು ಸತ್ತಿತು. ಅದರಡಿ ಸಿಕ್ಕಿದ ಆಮೋಸನ ಎಡಗಾಲು ಸೊಟ್ಟಗಾಯಿತು. ಆಮೇಲೆ ಯಾವ ಧಣಿಯೂ ಅವನಿಗೆ ಕುದುರೆ ಕೊಡಲಿಲ್ಲ. ಇನ್ನು ಪಂದ್ಯದ ಜೀನು ಮುಟ್ಟೆನೆಂದು ಆಣೆಯಿಟ್ಟ ಆಮೋಸ್, ಮದರಾಸಿಗೆ ಹೊರಟ ಹಡಗಿನಲ್ಲಿ ಕುದುರೆಗಳ ಆರೈಕೆಗೆಂದು ಹತ್ತಿ, ಆ ಕುದುರೆಗಳ ಜೊತೆಯಲ್ಲೇ ಹುರಳಿಗೆರೆಯ ಲಾಯಕ್ಕೆ ಬಂದು ಬಿದ್ದನು.

ದಂಡಿಗೆ ಕುದುರೆ ಸಾಕುವ ಆ ಲಾಯದ ಅಧಿಕಾರಿ ಹಾರ್ಡ್‌ವಿಕ್ ಎಂಬ ಕಪ್ತಾನ. ಆಮೋಸನಿಗೆ ಅಲ್ಲಿ ಆಪ್ತನಾದವನು ಲಾಯದಾಳು ಪೀರಾಸಾಬ. ಊರವರ ನಾಲಿಗೆಗೆ ಆಮೋಸ್ ಎಂಬುದು ಒಗ್ಗದೆ ಅಮಾಸೆಯಾಯಿತು, ಅಮಾಸಣ್ಣನಾಯಿತು. ಅದರ ಅರ್ಥವೇನೆಂದು ತಿಳಿದ ದಿನ ಅವನು ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. "ನಮ್ಮೂರಲ್ಲಿ ಇದಕ್ಕಿಂತ ಕೆಟ್ಟ ಹೆಸರಲ್ಲಿ ಕೂಗೋರು, ಪೀರಣ್ಣ. ಅಲ್ಲಿ ಯಾರೂ ಕೊನೇಲಿ ಅಣ್ಣ ಅಂತ ಸೇರಿಸ್ಲಿಲ್ಲ," ಎಂದನಂತೆ.

ಲಾಯದಲ್ಲಿ ಗಿಡುಗಿ ಎಂಬ ಕೆಂಪು ಹೆಣ್ಣುಕುದುರೆಯಿತ್ತು. ಅದನ್ನು ಹತ್ತಿದವರೆಲ್ಲ ನೆಲ ಕಂಡವರೇ. ಕಪ್ತಾನನನ್ನೇ ಜನರೆದುರು ಸಗಣಿಯ ಗುಂಡಿಗೆ ಕೆಡವಿದ ದಿನ ಅದಕ್ಕೆ ಗುಂಡಿಕ್ಕಲು ಅಪ್ಪಣೆಯಾಯಿತು. ಹುಟ್ಟಿದಾಗಿನಿಂದ ಅದನ್ನು ಸಾಕಿದ್ದ ಪೀರಾಸಾಬ ಓಡೋಡಿ ಬಂದು ಆಮೋಸನ ಕೈ ಹಿಡಿದುಕೊಂಡ.

"ಅಮಾಸಣ್ಣ, ಅದು ನಿನ್ನೊಬ್ಬನ ಮಾತು ಕೇಳ್ತದೆ. ಹೆಂಗಾದ್ರೂ ಉಳಿಸು."

ಕತ್ತು ಮುರಿದು ಬಿದ್ದ ತನ್ನ ಕುದುರೆಯ ಕಣ್ಣು ಆಮೋಸನ ಮನಸ್ಸಿಗೆ ಬಂತು. ಆಣೆಯನ್ನು ಬದಿಗಿಟ್ಟು, ಕುಂಟುತ್ತಲೇ ಕಪ್ತಾನನ ಬಂಗಲೆಗೆ ನಡೆದು, ಗಿಡುಗಿಯನ್ನು ತಾನು ಅವನ ಕುದುರೆಯೆದುರು ಪಂದ್ಯದಲ್ಲಿ ಓಡಿಸುವೆನೆಂದೂ, ಗೆದ್ದರೆ ಅದನ್ನು ಬದುಕಲು ಬಿಡಬೇಕೆಂದೂ ಕೇಳಿದ. ಕಪ್ತಾನನಿಗೆ ತನ್ನ ಅರಬ್ಬಿ ಕುದುರೆಯ ಮೇಲೆ ಬಲು ಜಂಬ, ಒಪ್ಪಿಕೊಂಡ. ದಿಣ್ಣೆಯ ನೆತ್ತಿಯಲ್ಲಿ ಬಾವುಟ ನೆಡಿಸಿ, ಲಾಯದ ಬಾಗಿಲಿಂದ ಹೊರಟು ಅದನ್ನು ಮೊದಲು ಕಿತ್ತವನೇ ಗೆದ್ದವನು ಎಂದು ಸಾರಿಸಿದ.

ಪಂದ್ಯದ ಬೆಳಿಗ್ಗೆ ಊರಿಗೆ ಊರೇ ಬಯಲಿಗಿಳಿಯಿತು. ನಗಾರಿಯ ಏಟು ಬಿದ್ದದ್ದೇ ತಡ, ಎರಡೂ ಕುದುರೆ ಬಾಣದಂತೆ ಚಿಮ್ಮಿದವು. ಧೂಳು, ಗೊರಸಿನ ಸದ್ದು, ಜನರ ಕೇಕೆ! ಆಮೋಸನ ಎದೆಯಲ್ಲಿ ಎಷ್ಟೋ ಕಾಲದಿಂದ ಮಲಗಿದ್ದುದೇನೋ ಧಿಗ್ಗನೆ ಎದ್ದಿತು. ಸೊಟ್ಟಗಾಲು ಮರೆತುಹೋಯಿತು, ವಯಸ್ಸು ಮರೆತುಹೋಯಿತು. ಗಿಡುಗಿಯ ಉಸಿರೂ ತನ್ನದೂ ಒಂದೇ ಆಯಿತು. ದಿಣ್ಣೆಯ ಬುಡದಲ್ಲಿ ಹಾದಿ ಕಲ್ಲುಗೋಡೆಯೊಂದಕ್ಕೆ ಒತ್ತಿಕೊಂಡು ಹಿಂಬದಿಗೆ ಸುತ್ತುತ್ತದೆ. ಅಲ್ಲಿ ಕಪ್ತಾನ ಪಕ್ಕಕ್ಕೆ ಬಂದು ಅವನನ್ನು ಗೋಡೆಗೆ ಒತ್ತರಿಸತೊಡಗಿದ. ಅವನ ಚಾಟಿ ಗಿಡುಗಿಯ ಮುಖದತ್ತ ಬೀಸಿ ಬಂತು.

ಅದೇ ಆಟ! ಅಂದು ಸಂದಿಯಲ್ಲಿ ನುಸುಳಿ ಹೋಗಲು ನೋಡಿ ಕೆಟ್ಟಿದ್ದ. ಇಂದು ಲಗಾಮು ಸಡಿಲ ಬಿಟ್ಟು, ಕುದುರೆಯ ಕಿವಿಗೆ ಬಾಗಿ, "ಹಾರು ನನ್ನವ್ವ!" ಎಂದ. ಗಿಡುಗಿ ಗೋಡೆಯನ್ನೇ ಹಾರಿತು. ಎದುರಿಗೆ ಮೇಕೆಯೂ ಹತ್ತಲು ಅಳುಕುವ ಕಡಿದಾದ ಬದಿ. ಕುದುರೆ ನಿಲ್ಲಲಿಲ್ಲ, ನೇರ ಮೇಲಕ್ಕೆ ನುಗ್ಗಿತು. ಕಲ್ಲುಗಳು ಉರುಳಿದವು, ಮುಂಗಾಲು ಜಾರಿತು, ಕುದುರೆ ಮಂಡಿಯೂರಿತು. ಆಮೋಸ್ ಜೂಲು ಹಿಡಿದು ಅದರ ಕತ್ತಿಗೆ ಅಪ್ಪಿಕೊಂಡ. ಗಿಡುಗಿ ಕೆನೆದು ಎದ್ದಿತು, ಮತ್ತೆ ನೆಗೆಯಿತು. ಬಯಲಿಂದ ಪೀರಾಸಾಬನ ಕೂಗು ಮೊದಲು ಎದ್ದಿತು: "ಅಮಾಸಾ!" ಮರುಗಳಿಗೆಗೆ ಬಯಲೆಲ್ಲ ಒಂದೇ ಗಂಟಲಾಗಿ ಕೂಗಿತು. ಹಿಂಬದಿಯಿಂದ ಅರಬ್ಬಿ ಕುದುರೆಯ ಕಿವಿ ಕಾಣಿಸುವಷ್ಟರಲ್ಲಿ ಬಾವುಟ ಆಮೋಸನ ಕೈಯಲ್ಲಿತ್ತು.

"ದಾರಿ ಬಿಟ್ಟು ಬಂದೆ!" ಎಂದು ಕಪ್ತಾನ ಗದರಿದ.

"ಬಾವುಟ ಎಲ್ಲಿದೆ ಅಂದ್ರಿ ಸಾಹೇಬ್ರೆ, ದಾರಿ ಯಾವ್ದು ಅನ್ಲಿಲ್ಲ," ಎಂದ ಆಮೋಸ್, ಏದುಸಿರು ಬಿಡುತ್ತ, ನಗುತ್ತ.

ಕೆಳಗೆ ಊರೇ ನೋಡುತ್ತಿತ್ತು. ಕಪ್ತಾನ ತುಟಿ ಕಚ್ಚಿ ಹಿಂದಿರುಗಿದ. ಕೊಟ್ಟ ಮಾತಿಗೆ ಮಾತ್ರ ತಪ್ಪಲಿಲ್ಲ. ಗಿಡುಗಿ ಮುದಿಯಾಗುವವರೆಗೂ ಬದುಕಿ ಮರಿಗಳ ಹಿಂಡನ್ನೇ ಕಂಡಿತು. ಬೆಂಗಳೂರಿನ ಧಣಿಗಳು ಜಾಕಿಯಾಗಿ ಬಾ ಎಂದು ಆಳು ಕಳುಹಿಸಿದರೂ ಆಮೋಸ್ ಹೋಗದೆ, ಹುರಳಿಗೆರೆಯಲ್ಲೇ ಉಳಿದು ಕುದುರೆ ಪಳಗಿಸುತ್ತ ಮುದುಕನಾದ. ಅವನ ಕೊನೆಯ ಆಸೆಯಂತೆ ಅವನನ್ನು ದಿಣ್ಣೆಯ ನೆತ್ತಿಯಲ್ಲೇ ಮಣ್ಣು ಮಾಡಿದರು ಎನ್ನುತ್ತಾರೆ.

ಲಾಯ ಈಗಿಲ್ಲ, ಅದರ ಜಾಗದಲ್ಲಿ ಸರ್ಕಾರಿ ಗೋದಾಮು ನಿಂತಿದೆ. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಯಾರೇ ಹೊಸ ಬೈಕು ಕೊಂಡರೂ ಮೊದಲು ಇಲ್ಲಿಗೆ ತರುತ್ತಾರೆ. ಹಿಂಬದಿಯ ಹಾದಿಯಿಂದ ನೆತ್ತಿಗೇರಿಸಿ, ಸಮಾಧಿಯ ಕಲ್ಲಿಗೆ ಹೂವಿಟ್ಟು, ಎಂಜಿನ್ನು ಗುಡುಗಿಸಿ, "ಅಮಾಸಾ!" ಎಂದು ಗಂಟಲು ಹರಿಯುವಂತೆ ಕೂಗುತ್ತಾರೆ. ಭಾನುವಾರ ಹೋದವರು ಆ ಕೂಗನ್ನು ಬಸ್ಸಿನಿಂದ ಇಳಿಯುವಾಗಲೇ ಕೇಳಬಹುದು.