ಗೋಲ್ ಹೋದ್ಮೇಲೆ ಬಾಲ್ ಯಾರು ತರ್ತಾರೆ

ಒಂದೂರಲ್ಲಿ ಮೇಘಶ್ರೀ ಅಂತ ಒಬ್ಬಳು ಗೋಲ್ ಕೀಪರ್ ಇದ್ಲು. ಹನ್ನೆರಡು ವರ್ಷ. ಅವಳಪ್ಪ ಮಾದೇಶಣ್ಣಂದು ಇಸ್ತ್ರಿ ಅಂಗಡಿ. ಎತ್ತರದ ಬಾಲಿಗೆ ಹಾರೋಕೆ ಅವಳಿಗೆ ಭಯ ಇಲ್ಲ, ಕೆಸರಲ್ಲಿ ಬೀಳೋಕೂ ಭಯ ಇಲ್ಲ. ಆದ್ರೆ ಹೋದ ವರ್ಷ ಸ್ಕೂಲ್ ಫೈನಲಲ್ಲಿ ಒಂದು ಸುಲಭದ ಬಾಲ್ ಅವಳ ಕಾಲ್ ಸಂದಿಲಿ ತೂರ್ಕೊಂಡು ಹೋಗಿಬಿಡ್ತು. ಅವತ್ತಿಂದ ಹುಡುಗ್ರು ಅವಳಿಗೆ 'ಗೇಟು' ಅಂತ ಹೆಸರಿಟ್ರು. ಅವಳನ್ನ ನೋಡಿದ ತಕ್ಷಣ, ಗೇಟ್ ತೆಗ್ದಿದೆ ಬನ್ರೋ, ಅನ್ನೋರು. ಅವರ ಮುಂದೆ ಅವಳೂ ನಗ್ತಿದ್ಲು. ಆದ್ರೆ ಮನೇಲಿ ಅಜ್ಜಿ ಹತ್ರ ಒಂದ್ಸಲ ಹೇಳಿದ್ಲು, ಮ್ಯಾಚಲ್ಲಿ ಮತ್ತೆ ಹಿಂಗಾದ್ರೆ ಗ್ಲೌಸ್ ಬಿಚ್ಚಿಟ್ಬಿಡ್ತೀನಿ, ಇನ್ಯಾವತ್ತೂ ಹಾಕಲ್ಲ ಅಂತ.

ಅಂಥ ಹೊತ್ತಲ್ಲೇ ಎರಡು ಕ್ಲಬ್‌ನೋರು ಅವಳನ್ನ ಕರೆದ್ರು, ಒಂದ್ಸಲ ಬಂದು ಆಡಿ ತೋರ್ಸು ಅಂತ.

ಒಂದು ಪೀಕಾಕ್ ಅಕಾಡೆಮಿ. ಮೂರು ವರ್ಷದಿಂದ ಲೀಗ್ ಕಪ್ ಅವರದ್ದೇ. ಕಾರ್ಪೆಟ್ ಥರ ಹಸಿರು ಗ್ರೌಂಡು. ಕೀಪರ್‌ಗೆ ಬೇರೆ ಕೋಚು, ಹೊಸ ಗ್ಲೌಸು. ಇನ್ನೊಂದು ಡಿಪೋ ಬಾಯ್ಸ್. ಹಳೇ ಬಸ್ ಡಿಪೋ ಹಿಂದಿನ ಮಣ್ಣಿನ ಜಾಗ. ಹೆಸರು ಬಾಯ್ಸ್ ಅಂತಿದ್ರೂ ನಾಲ್ಕು ಜನ ಹುಡುಗೀರು ಆಡ್ತಿದ್ರು. ಯಾರೂ ಹೆಸರು ಬದಲಾಯಿಸೋಕೆ ಹೋಗಿರಲಿಲ್ಲ.

ಸೋಮವಾರ ಯಾವುದಾದ್ರೂ ಒಂದಕ್ಕೆ ಹೆಸರು ಕೊಡಬೇಕು. ಒಂದ್ಸಲ ಕೊಟ್ರೆ ಆ ವರ್ಷ ಪೂರ್ತಿ ಬದಲಾಯಿಸೋ ಹಾಗಿಲ್ಲ.

ಮಾದೇಶಣ್ಣ ಅಂಗಡಿಗೆ ಬಂದೋರನ್ನೆಲ್ಲ ಕೇಳಿದ. ಪಿ.ಟಿ. ಮೇಷ್ಟ್ರು, ಗೆಲ್ಲೋರ ಜೊತೆ ಇದ್ರೆ ಗೆಲ್ಲೋದು ಕಲೀತಾಳೆ ಅಂದ್ರು. ಚಿಕ್ಕಪ್ಪ, ಸೋಲೋ ಟೀಮಿಗೆ ಹಾಕು, ಅಲ್ಲೇ ಕೀಪರ್‌ಗೆ ಜಾಸ್ತಿ ಬಾಲ್ ಬರೋದು ಅಂದ. ಪಕ್ಕದ್ಮನೆಯೋರು, ಯಾವುದು ಮನೆಗೆ ಹತ್ರ ಇದೆಯೋ ಅದೇ ಸರಿ ಅಂದ್ರು. ಎಲ್ಲರ ಮಾತೂ ಸರಿ ಅನ್ನಿಸ್ತಿತ್ತು. ಕಷ್ಟ ಇದ್ದಿದ್ದೇ ಅದು. ಒಬ್ಬರಾದ್ರೂ ತಪ್ಪು ಹೇಳಿದ್ರೆ ಅವರ ಮಾತು ಬಿಟ್ಟು ಮುಂದೆ ಹೋಗಬಹುದಿತ್ತು.

ಕೊನೆಗೆ ಮೇಘಶ್ರೀ ಅಜ್ಜೀನ ಕೇಳಿದ್ಲು. ಅಜ್ಜಿ ಸಣ್ಣತಾಯಮ್ಮ ಒಂದು ಮ್ಯಾಚೂ ನೋಡಿದೋಳಲ್ಲ.

"ನಿನ್ನ ಚೆಂಡಾಟ ನಂಗೆ ತಿಳೀದು ಕಣವ್ವ," ಅಂದ್ಲು ಅಜ್ಜಿ. "ನಿಮ್ಮತ್ತೆಗೆ ಗಂಡು ನೋಡೋಕೆ ಹೋಗಿದ್ದು ಹೇಳ್ತೀನಿ, ಕೇಳು."

ಆಗ ಅಜ್ಜಿ ಎರಡು ಮನೆಗೆ ಹೋಗಿದ್ಲಂತೆ. ಎರಡು ಮನೇಲೂ ಕಾಫಿ ಕೊಟ್ರು. ಎರಡು ಕಡೇನೂ ಅಜ್ಜಿ ಬೇಕಂತ್ಲೇ ಲೋಟ ಉರುಳಿಸಿದ್ಲು. ಮೊದಲನೇ ಮನೇಲಿ ಯಾರೂ ಬೈಲಿಲ್ಲ. ಮಾತು ನಿಲ್ಲಿಸಿ ಎಲ್ಲರೂ ಆ ಕಾಫೀನ, ಆಮೇಲೆ ಅಜ್ಜೀನ ನೋಡಿದ್ರು. ಎರಡನೇ ಮನೇಲಿ ಹುಡುಗ ತಾನೇ ಎದ್ದೋಗಿ ಬಟ್ಟೆ ತಂದು ಒರೆಸ್ತಾ, ಕಾಲಿಗೆ ಬಿಸಿ ತಾಗ್ತಾ ಅಂತ ಕೇಳಿದ.

"ಅಲ್ಲಿಗೇ ಕೊಟ್ಟೆ. ನಿಮ್ಮತ್ತೆ ಚೆನ್ನಾಗವಳೆ."

"ಅಂದ್ರೆ ನಾನು ಬೇಕಂತ್ಲೇ ಗೋಲ್ ಬಿಡಬೇಕಾ?"

"ನೀನ್ಯಾಕೆ ಬಿಡ್ಬೇಕು. ತಾನಾಗೇ ಹೋಯ್ತದೆ. ಹೋದ್ಮೇಲೆ ನೋಡು."

ಶನಿವಾರ ಪೀಕಾಕಿಗೆ ಹೋದ್ಲು. ಗ್ಲೌಸ್ ಕೊಟ್ರು, ಕೈಗೆ ಅಂಟ್ಕೊಂಡ ಹಾಗೆ ಕೂತ್ಕೊಂಡ್ವು. ಅರ್ಧ ಗಂಟೇಲಿ ಅವಳ ಹತ್ರ ಬಂದಿದ್ದೇ ಮೂರು ಬಾಲು. ಎರಡು ಹಿಡಿದ್ಲು. ಮೂರನೇದು ಕಾಲ್ ಸಂದಿಲೇ ಹೋಯ್ತು.

ಯಾರೂ ಬೈಲಿಲ್ಲ. ಬೈದಿದ್ರೆ ಎಷ್ಟೋ ಸುಲಭ ಇರ್ತಿತ್ತು. ಮುಂದೆ ನಿಂತಿದ್ದ ನಾಲ್ಕು ಜನ ಬೆನ್ನು ತಿರುಗಿಸಿ ಗ್ರೌಂಡಿನ ಮಧ್ಯಕ್ಕೆ ನಡೆದ್ರು. ಕೋಚು ಏನೋ ಬರ್ಕೊಂಡ್ರು. ಅವಳೇ ನೆಟ್ ಒಳಗೆ ಹೋಗಿ, ಬಗ್ಗಿ, ಬಾಲ್ ಎತ್ಕೊಂಡು ಬಂದ್ಲು. ಹೋಗಿ ಬರೋದು ಬರೀ ಹನ್ನೆರಡು ಹೆಜ್ಜೆ ಇರ್ಬಹುದು. ಅಷ್ಟು ದೂರ ಅವಳು ಯಾವತ್ತೂ ನಡೆದಿರಲಿಲ್ಲ ಅನ್ನಿಸ್ತು. ಆಟ ಮುಗಿದ್ಮೇಲೆ ಕೋಚು, ನೀನು ಸೆಲೆಕ್ಟು ಅಂದ್ರು. ಖುಷಿ ಪಡಬೇಕೋ ಬೇಡ್ವೋ ಅವಳಿಗೆ ಗೊತ್ತಾಗಲಿಲ್ಲ.

ಭಾನುವಾರ ಡಿಪೋಗೆ ಹೋದ್ಲು. ಗ್ಲೌಸು ಅವಳದ್ದೇ, ಹರಿದಿದ್ದು. ಗೋಲಿನ ನೆಟ್ಟೂ ಹರಿದಿತ್ತು. ಮೊದಲನೇ ಗೋಲು ಆ ತೂತಲ್ಲಿ ತೂರಿ ಪಂಕ್ಚರ್ ಅಂಗಡಿವರೆಗೂ ಓಡ್ತು. ಮೇಘಶ್ರೀ ತರೋಕೆ ಹೊರಟ್ಲು. ಕೋಚ್ ಅನ್ವರ್ ಸರ್ ಸೀಟಿ ಊದಿದ್ರು. ಅವರು ಮೊದಲು ಡಿಪೋಲಿ ಬಸ್ ರಿಪೇರಿ ಮಾಡ್ತಿದ್ದೋರು.

"ಎಲ್ಲಿಗಮ್ಮ? ಗೋಲ್ ಹೊಡೆದೋನ್ನ ಒಳಗೆ ಬಿಟ್ಟಿದ್ದು ನಿನ್ನ ಮುಂದೆ ನಿಂತಿದ್ದ ಕಿಟ್ಟಿ. ಬಾಲ್ ಅವನೇ ತರ್ತಾನೆ. ಅವನು ಬರೋದ್ರಲ್ಲಿ ನೀನು ಏನು ನೋಡ್ದೆ ಅಂತ ಹೇಳು. ಇಲ್ಲಿ ಕೀಪರ್ ಕೆಲಸ ಅದು."

ಮೇಘಶ್ರೀ ಮೆಲ್ಲಗೆ, "ಏನೂ ನೋಡ್ಲಿಲ್ಲ ಸರ್, ಕಣ್ಣು ಮುಚ್ಕೊಂಡೆ," ಅಂದ್ಲು.

ಒಬ್ಬಿಬ್ಬರು ನಕ್ರು. ಕಿಟ್ಟಿ ಪಂಕ್ಚರ್ ಅಂಗಡಿ ಹತ್ರದಿಂದಲೇ, ನಾನೂ ಮುಚ್ಕೊಂಡಿದ್ದೆ ಸರ್, ಅಂತ ಕೂಗಿದ. ಆಗ ಎಲ್ಲರೂ ನಕ್ರು, ಅವಳೂ ನಕ್ಕಳು.

ಎರಡನೇದು ಹೋಯ್ತು, ಮೂರನೇದು ಹೋಯ್ತು. ಪ್ರತಿ ಸಲ ಒಬ್ಬರು ಓಡೋದು, ಇವಳು ಹೇಳೋದು. ನಾಲ್ಕನೇದು ಹೋದಾಗ, ಕಿಟ್ಟಿ ಅಡ್ಡ ನಿಂತಿದ್ದ ಸರ್, ಅವನ ಬೆನ್ನು ಬಿಟ್ರೆ ಏನೂ ಕಾಣ್ಲಿಲ್ಲ ಅಂದ್ಲು. ಸರ್ ಕಿಟ್ಟಿನ ಎರಡು ಹೆಜ್ಜೆ ಪಕ್ಕಕ್ಕೆ ನಿಲ್ಲಿಸಿದ್ರು. ಐದನೇದನ್ನ ಅವಳು ಹಿಡಿದ್ಲು.

ಮನೆಗೆ ಬಂದಾಗ ಅಜ್ಜಿ, ಎಷ್ಟು ಹೋಯ್ತು ಅಂತ ಕೇಳಿದ್ಲು. ನಾಲ್ಕು ಅಂದ್ಲು.

"ಬಟ್ಟೆ ಯಾರು ತಂದ್ರು?"

"ಕಿಟ್ಟಿ ಅಂತ ಒಬ್ಬ."

ಸೋಮವಾರ ಡಿಪೋಗೇ ಹೆಸರು ಕೊಟ್ಲು. ಆದ್ರೂ ಅವತ್ತು ರಾತ್ರಿ ಪೀಕಾಕಿನ ಆ ಗ್ಲೌಸ್ ನೆನೆಸ್ಕೊಂಡು, ತಪ್ಪು ಮಾಡಿದ್ನಾ ಅಂತ ಯೋಚ್ನೆ ಮಾಡಿದ್ಲು. ಮಾರನೇ ದಿನಾನೂ ಮಾಡಿದ್ಲು.

ಆ ವರ್ಷ ಲೀಗಲ್ಲಿ ಪೀಕಾಕ್ ಮೇಲೇ ಡಿಪೋ ಮ್ಯಾಚ್ ಬಂತು. ಎರಡನೇ ಗೋಲು ಮತ್ತೆ ಅವಳ ಕಾಲ್ ಸಂದಿಲೇ ಹೋಯ್ತು. ಹೊರಗಿಂದ ಯಾರೋ, ಲೇ ಗೇಟು, ಅಂದ. ಇಸ್ತ್ರಿ ಅಂಗಡಿ ಮುಚ್ಚಿ ಬಂದಿದ್ದ ಮಾದೇಶಣ್ಣ ತಲೆ ತಗ್ಗಿಸಿದ. ಅಜ್ಜಿ ಹತ್ರ ಅವಳು ಹೇಳಿದ್ದು ಅವನಿಗೂ ಗೊತ್ತಿತ್ತು, ಈಗ ಗ್ಲೌಸ್ ಬಿಚ್ತಾಳೆ ಅಂದ್ಕೊಂಡ.

ಅವಳು ನೆಟ್ ಕಡೆ ತಿರುಗಲೇ ಇಲ್ಲ. ಗ್ಲೌಸ್ ಪಟ್ಟಿ ಬಿಗಿ ಮಾಡ್ಕೊಂಡು ನಿಂತ್ಲು.

"ಕಿಟ್ಟಿ, ಬಾಲ್ ತಗೊಂಡ್ ಬಾ," ಅಂದ್ಲು. "ಈ ಸಲ ನಾನು ನೋಡ್ದೆ."

ಮ್ಯಾಚ್ ಸೋತ್ರು. ಅವಳು ಇನ್ನೂ ಆಡ್ತಿದ್ದಾಳೆ.

ನೀತಿ: ಗೆದ್ದಾಗ ಎಲ್ಲ ಜಾಗಾನೂ ಒಳ್ಳೇದಾಗೇ ಕಾಣುತ್ತೆ. ಎಲ್ಲಿ ಸೇರಬೇಕು ಅಂತ ಗೊತ್ತಾಗದೆ ಇದ್ದಾಗ, ನಾವು ತಪ್ಪು ಮಾಡಿದ್ರೆ ಅಲ್ಲಿ ಬೆನ್ನು ತಿರುಗಿಸ್ತಾರೋ, ಬಾಲ್ ತಂದ್ಕೊಟ್ಟು ಏನಾಯ್ತು ಅಂತ ಕೇಳ್ತಾರೋ ಅದನ್ನ ನೋಡಬೇಕು. ಕೇಳೋ ಕಡೆಗೇ ಹೋಗಬೇಕು, ಅಲ್ಲಿ ಗ್ಲೌಸ್ ಹಳೇದಾಗಿದ್ರೂ.